ತೊಗಲಿನ ಹಲಗಿಯೇ ಬೇಕೆನ್ನುವವರಿಗೆ

“ಮೊದಲಿನ ಹಲಗಿ ಸಪ್ಪಳ ಈಗ ಎಲ್ಲದರೀ? ಎಲ್ಲಾ ಪ್ಲಾಸ್ಟಿಕ್ ಆಗ್ಯಾದ.” ಮೊಹರಂ ದಿನಗಳಲ್ಲಿ ಯಾದಗಿರಿ, ಶಹಾಪುರ, ಸುರಪುರ ಸೀಮೆಯ ಯಾವ ಊರಿನ ಚಹಾದಂಗಡಿ ಮುಂದೆ ನಿಂತರೂ ಈ ಮಾತು ಕಿವಿಗೆ ಬೀಳುತ್ತದೆ. ಜಾನಪದ ವಿಚಾರ ಸಂಕಿರಣಕ್ಕೆ ಹೋದರೆ ಅದೇ ಮಾತು ಗ್ರಾಂಥಿಕ ಕನ್ನಡದಲ್ಲಿ ಬರುತ್ತದೆ: ನಾದದ ಸೊಗಡು ಮಾಯವಾಗುತ್ತಿದೆ, ಮೂಲ ಅಳಿಯುತ್ತಿದೆ, ಇಂದಿನ ಹುಡುಗರಿಗೆ ಪರಂಪರೆಯ ಅರಿವಿಲ್ಲ. ಹೀಗೆ ಹೇಳುವವರಲ್ಲಿ ಹಲಗಿ ಬಾರಿಸಿದವರು ಕಡಿಮೆ. ತೊಗಲು ಹದ ಮಾಡಿದವರು ಇನ್ನೂ ಕಡಿಮೆ.

ಹಳೆಯ ಹಲಗಿಯ ಸದ್ದು ಬೇರೆ, ಹೊಸದರ ಸದ್ದು ಬೇರೆ. ಇದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಹಳೆಯದೇ ಅಸಲು, ಹೊಸದು ಕೆಟ್ಟದ್ದು ಎಂದು ತೀರ್ಪು ಕೊಡುವ ಅಧಿಕಾರವನ್ನು ಕೇಳುಗರಾದ ನಮಗೆ ಯಾರು ಕೊಟ್ಟರು ಎಂಬುದು ನನ್ನ ತಕರಾರು.

ಮೊದಲು ಸದ್ದಿನ ಲೆಕ್ಕ ನೋಡೋಣ. ತೊಗಲು ದಪ್ಪ, ಅದರ ಮೈ ಎಲ್ಲ ಕಡೆ ಒಂದೇ ಸಮ ಇರುವುದಿಲ್ಲ. ಕೋಲು ಬಿದ್ದಾಗ ಏಳುವ ಚೂಪಾದ ಕಿರುನಾದಗಳನ್ನು ಅದು ಬೇಗ ನುಂಗುತ್ತದೆ. ಉಳಿಯುವುದು ಎದೆಗೆ ತಾಗುವ ಗಟ್ಟಿ ಪೆಟ್ಟು. ಪಾಲಿಯೆಸ್ಟರ್ ಹಾಳೆ ತೆಳು, ಸಮ. ಅದರಲ್ಲಿ ಆ ಕಿರುನಾದಗಳು ಹೆಚ್ಚು ಹೊತ್ತು ಉಳಿಯುತ್ತವೆ, ಸದ್ದು ಚುರುಕಾಗಿ, ತುಸು ಕರ್ಕಶವಾಗಿ ಕೇಳುತ್ತದೆ. ಆದರೆ ತೊಗಲು ಗಾಳಿಯ ಪಸೆಯನ್ನು ಹೀರಿ ಸಡಿಲಾಗುತ್ತದೆ, ಬೆಂಕಿಗೆ ಹಿಡಿದರೆ ಮತ್ತೆ ಬಿಗಿಯುತ್ತದೆ. ಹಲಗಿ ಕಾಯಿಸುವುದೆಂದರೆ ಇದೇ. ಹಾಳೆಗೆ ಮಳೆಯ ಗೊಡವೆಯಿಲ್ಲ, ಬಳೆಯ ಸುತ್ತಲಿನ ಸ್ಕ್ರೂ ತಿರುವಿದರೆ ಸಾಕು.

ಈಗ ಹಳೆಯ ಕ್ಯಾಲೆಂಡರ್ ತೆಗೆಯಿರಿ. ಮೊಹರಂ ಚಂದ್ರನ ಲೆಕ್ಕದ ಹಬ್ಬ, ವರ್ಷಕ್ಕೆ ಸುಮಾರು 11 ದಿನ ಹಿಂದಕ್ಕೆ ಸರಿಯುತ್ತದೆ. 2004ರಿಂದ 2006ರವರೆಗೆ ಅದು ಬಂದದ್ದು ಫೆಬ್ರುವರಿ, ಮಾರ್ಚ್ ತಿಂಗಳಲ್ಲಿ. ಆಗ ನಮ್ಮ ಸೀಮೆಯ ಗಾಳಿಯೆಲ್ಲ ಒಣ ಒಣ. ಒಮ್ಮೆ ಕಾಯಿಸಿದ ಹಲಗಿ ಬಹಳ ಹೊತ್ತು ಗಣಗಣ ಎನ್ನುತ್ತದೆ. 2024, 2025ರಲ್ಲಿ ಮೊಹರಂ ಬಂದದ್ದು ಜುಲೈಯಲ್ಲಿ, ಮುಂಗಾರಿನ ನಡುವೆ. ಹಾಗಾದರೆ ಇಪ್ಪತ್ತು ವರ್ಷ ಹಿಂದಿನ ಸಪ್ಪಳವನ್ನು ನೆನೆಯುವವರು ನೆನೆಯುತ್ತಿರುವುದು ತೊಗಲನ್ನೋ, ಒಣ ಹವೆಯನ್ನೋ? ಆಗ ಅಲಾಯಿ ಕುಣಿಯ ಪಕ್ಕದಲ್ಲಿ ಡಿಜೆ ಪೆಟ್ಟಿಗೆಗಳು ಗುಡುಗುತ್ತಿರಲಿಲ್ಲ. ಬಾರಿಸುತ್ತಿದ್ದ ಕೈ ಬೇರೆ. ಕೇಳಿದ ಕಿವಿಗೂ ಈಗ ಇಪ್ಪತ್ತು ವರ್ಷ ವಯಸ್ಸು ಹೆಚ್ಚಾಗಿದೆ. ಇಷ್ಟೆಲ್ಲ ಬದಲಾಗಿರುವಾಗ ತಪ್ಪನ್ನೆಲ್ಲ ಒಂದು ಹಾಳೆಯ ತಲೆಗೆ ಕಟ್ಟುವುದನ್ನು ಹೋಲಿಕೆ ಎನ್ನಲಾಗದು.

1991, 1992ರಲ್ಲೂ ಮೊಹರಂ ಜುಲೈಯಲ್ಲೇ ಬಂದಿತ್ತು. ಆಗ ತೊಗಲಿನ ಹಲಗಿಗಳೇ. ಆ ಮಳೆಯಲ್ಲಿ ಅವು ಘಳಿಗೆಗೊಮ್ಮೆ ಸಡಿಲಾಗಿ ಮೆತ್ತಗಾದದ್ದು ಕೇಳುಗರ ನೆನಪಿನಲ್ಲಿ ಉಳಿದಿಲ್ಲ. ಹಸಿ ಕಟ್ಟಿಗೆಯ ಹೊಗೆಯಲ್ಲಿ ಕೂತು ರಾತ್ರಿಯಿಡೀ ಹಲಗಿ ಕಾಯಿಸಿದವರು ಮಾತ್ರ ಅದನ್ನು ಮರೆತಿರಲಾರರು.

ಹಳೆಯ ಸದ್ದಿನ ಈ ಹುಚ್ಚು ನಮ್ಮದೊಂದೇ ಅಲ್ಲ. ಅಮೆರಿಕದ ಲಡ್‌ವಿಗ್ ಕಂಪನಿ 1972ರಲ್ಲಿ ‘ವಿಸ್ಟಾಲೈಟ್’ ಎಂಬ ಡ್ರಮ್ಮುಗಳನ್ನು ಮಾರಾಟಕ್ಕೆ ತಂದಿತು. ಅವುಗಳ ಒಡಲು ಮರದ್ದಲ್ಲ, ಅಕ್ರಿಲಿಕ್ ಪ್ಲಾಸ್ಟಿಕ್. ಲೆಡ್ ಜೆಪ್ಲಿನ್ ತಂಡದ ಜಾನ್ ಬಾನಮ್ 1973ರಲ್ಲಿ ಜೇನುಬಣ್ಣದ ಅಂಥದೊಂದು ಸೆಟ್ಟನ್ನು ಬಾರಿಸಿ ಜಗತ್ತಿಗೆ ಪರಿಚಯಿಸಿದ. ಅದರ ದೊಡ್ಡ ಡ್ರಮ್ಮಿನ ಅಡ್ಡಗಲವೇ 26 ಇಂಚು. 2001ರಲ್ಲಿ ಕಂಪನಿ ಈ ಮಾದರಿಯನ್ನು ಮತ್ತೆ ತಯಾರಿಸತೊಡಗಿತು. ಹಳೆಯದರ ಸದ್ದು ಹೊಸದರಲ್ಲಿಲ್ಲ ಎಂಬ ವಾದ ಅಲ್ಲೂ ಇದೆ. ಹಳೆಯವು ಹಾಳೆಯನ್ನು ಬಗ್ಗಿಸಿ ಅಂಟಿಸಿದವು. ಎಷ್ಟೋ ಡ್ರಮ್ಮುಗಳ ಬೆಸುಗೆ ಬಿಟ್ಟು ಸೀಳಿವೆ. ಆದರೂ ಅಭಿಮಾನಿಗಳಿಗೆ ಅವೇ ಬೇಕು.

ಇದರೊಳಗಿನ ತಮಾಷೆ ನೋಡಿ. 1957ರ ಸುಮಾರಿಗೇ ರೆಮೊ ಬೆಲ್ಲಿ ಎಂಬಾತ ಡ್ರಮ್ಮಿಗೆ ಕರುವಿನ ತೊಗಲಿನ ಬದಲು ಪಾಲಿಯೆಸ್ಟರ್ ಹಾಳೆ ಹಾಕಿ ಮಾರತೊಡಗಿದ್ದ. ಆ ಹಾಳೆಯ ಹೆಸರು ‘ಮೈಲಾರ್’. ನಮ್ಮ ಮೈಲಾಪುರದ ಮೈಲಾರಲಿಂಗನಿಗೂ ಅದಕ್ಕೂ ಸಂಬಂಧವಿಲ್ಲ, ಇದ್ದಿದ್ದರೆ ಡೊಳ್ಳಿನವರಿಗೆ ಬೈಗುಳ ಕಡಿಮೆಯಾಗುತ್ತಿತ್ತೇನೋ. ಬಾನಮ್‌ನ ಸೆಟ್ಟಿನಲ್ಲಿ ಮರದ ಜಾಗದಲ್ಲೂ ಪ್ಲಾಸ್ಟಿಕ್, ತೊಗಲಿನ ಜಾಗದಲ್ಲೂ ಪ್ಲಾಸ್ಟಿಕ್. ಇಂದು ಅದೇ ‘ಅಸಲಿ ಹಳೆ ಸದ್ದು’! ಐವತ್ತು ವರ್ಷ ಕಳೆದರೆ ಪ್ಲಾಸ್ಟಿಕ್ಕೂ ಪರಂಪರೆಯಾಗುತ್ತದೆ. ನಾವು ಇಂದು ಬೈಯುವ ಹಲಗಿಯ ಸಪ್ಪಳವನ್ನು ನಾಳೆ ನಮ್ಮ ಮೊಮ್ಮಕ್ಕಳು ನೆನೆದು ಕೊರಗಿದರೆ ಅಚ್ಚರಿಯಿಲ್ಲ.

ಆದರೆ ಅಲ್ಲಿನ ಜಗಳಕ್ಕೂ ಇಲ್ಲಿನದಕ್ಕೂ ದೊಡ್ಡ ವ್ಯತ್ಯಾಸವಿದೆ. ಅಲ್ಲಿ ಹಳೆಯ ಡ್ರಮ್ ಬೇಕೆಂದವನು ತನ್ನ ದುಡ್ಡಿನಿಂದ ಕೊಳ್ಳುತ್ತಾನೆ, ತಾನೇ ಬಾರಿಸುತ್ತಾನೆ, ಸೀಳಿದರೆ ನಷ್ಟವೂ ಅವನದೇ. ನಮ್ಮಲ್ಲಿ ತೊಗಲು ಬೇಕೆನ್ನುವವರು ಒಂದು ಕೇರಿಯವರು, ಅದರ ಭಾರ ಹೊರುವವರು ಇನ್ನೊಂದು ಕೇರಿಯವರು.

ಈ ನೆಲದಲ್ಲಿ ಹಲಗಿ ಎಂದೂ ಬರಿಯ ವಾದ್ಯವಾಗಿರಲಿಲ್ಲ. ಡಂಗುರ ಸಾರಲು, ಹೆಣದ ಮುಂದೆ, ದೇವರ ಮುಂದೆ ಬಾರಿಸುವುದು ಮಾದಿಗರ ಮೇಲೆ, ಕೆಲವು ಕಡೆ ಹೊಲೆಯರ ಮೇಲೆ ಹೇರಿದ ಚಾಕರಿಯಾಗಿತ್ತು. ಸತ್ತ ದನ ಎಳೆಯುವುದು, ಸುಲಿಯುವುದು, ತೊಗಲು ಹದ ಮಾಡುವುದೂ ಅದೇ ಕೇರಿಯ ಪಾಲು. 1927ರ ಮಹಾಡ್ ಸಮ್ಮೇಳನದಲ್ಲಿ ಅಂಬೇಡ್ಕರ್ ಸತ್ತ ದನದ ಮಾಂಸ ತಿನ್ನುವುದನ್ನು ಬಿಡಿ ಎಂದರು. 1970ರ ದಶಕದಲ್ಲಿ ದಲಿತ ಸಂಘರ್ಷ ಸಮಿತಿ ಹುಟ್ಟಿದ ಮೇಲೆ ಕರ್ನಾಟಕದಲ್ಲೂ ಎಷ್ಟೋ ಕೇರಿಗಳು ಇಂಥ ಚಾಕರಿಗಳನ್ನು ಧಿಕ್ಕರಿಸಿದವು. ಮತ್ತೆ ಅದೇ ಚಳವಳಿಯ ಮೆರವಣಿಗೆಗಳಲ್ಲಿ ಹಲಗಿ, ತಮಟೆಗಳು ಪ್ರತಿಭಟನೆಯ ದನಿಯಾದವು. ಹೇರಿಕೆಯನ್ನು ಬಿಟ್ಟು ವಾದ್ಯವನ್ನು ಉಳಿಸಿಕೊಳ್ಳುವ ದಾರಿಯನ್ನು ಆ ಜನ ತಾವೇ ಕಂಡುಕೊಂಡರು. ಇಂದು ಒಬ್ಬ ಹುಡುಗ ತೊಗಲಿನ ಹಂಗಿಲ್ಲದ ಹಲಗಿಯನ್ನು ಹೆಗಲಿಗೆ ಹಾಕಿಕೊಂಡರೆ ಅದೂ ಆ ದಾರಿಯ ಮುಂದುವರಿಕೆಯೇ. ತೊಗಲಿನ ವಾಸನೆಗೆ ಮೂಗು ಮುಚ್ಚಿಕೊಂಡವರು ಅದರ ಸದ್ದಿಗಾಗಿ ಹಠ ಹಿಡಿಯುವುದು ಯಾವ ನ್ಯಾಯ?

ಮೃದಂಗದ ಕಥೆಯನ್ನೂ ಪಕ್ಕದಲ್ಲಿಟ್ಟು ನೋಡಿ. ಅದಕ್ಕೂ ದನದ ತೊಗಲೇ ಬೇಕು. ಅದನ್ನು ಕಟ್ಟುವ ದಲಿತ ಕ್ರೈಸ್ತ ಕುಟುಂಬಗಳ ಬಗ್ಗೆ ಟಿ.ಎಂ. ಕೃಷ್ಣ 2020ರಲ್ಲಿ ಪುಸ್ತಕವನ್ನೇ ಬರೆದರು. ಬೆಂಗಳೂರಿನ ಕೆ. ವರದರಂಗನ್ ತೊಗಲಿಲ್ಲದೆ ಕೃತಕ ಹೊದಿಕೆಯ ಮೃದಂಗ ಮಾಡಿದರು. ಒಪ್ಪಿದವರಿದ್ದಾರೆ, ಒಪ್ಪದವರಿದ್ದಾರೆ, ಆದರೆ ಅದನ್ನು ನಾವು ಸಂಶೋಧನೆ ಎನ್ನುತ್ತೇವೆ, ಎನ್ನಲೇಬೇಕು. ಅದೇ ಬದಲಾವಣೆ ಹಲಗಿಗೆ ಬಂದಾಗ ಅವನತಿ ಎನ್ನುತ್ತೇವೆ. ಸಭಾಂಗಣದ ವಾದ್ಯ ಮುಂದೆ ಹೋಗಬಹುದು, ಕೇರಿಯ ವಾದ್ಯ ನಮ್ಮ ನೆನಪಿನ ಕಾವಲಿಗೆ ನಿಂತಲ್ಲೇ ನಿಲ್ಲಬೇಕು! ಇದನ್ನು ನಾದಪ್ರೇಮ ಎಂದು ಕರೆಯಲು ನನಗೆ ಬಾಯಿ ಬರುವುದಿಲ್ಲ.

ಪ್ಲಾಸ್ಟಿಕ್ಕನ್ನು ಹೊಗಳುವುದು ನನ್ನ ಉದ್ದೇಶವಲ್ಲ. ತೊಗಲಿನ ನಾದವೇ ಬೇಕೆಂದು ಪಟ್ಟು ಹಿಡಿದ ಕಲಾವಿದರು ನಮ್ಮ ನಡುವೆ ಇದ್ದಾರೆ, ಅದು ಅವರ ಕಿವಿ, ಅವರ ಹಕ್ಕು. ಚಿಕ್ಕಬಳ್ಳಾಪುರ ಜಿಲ್ಲೆಯ ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪನವರ ತಮಟೆಗೆ 2023ರಲ್ಲಿ ಪದ್ಮಶ್ರೀ ಬಂದಾಗ ಗೌರವ ಸಂದದ್ದು ಅವರ ಕೈಯ ವಿದ್ಯೆಗೆ. ಆ ವಿದ್ಯೆ ಬಿಟ್ಟು ಹೊದಿಕೆಯನ್ನಷ್ಟೇ ಹಿಡಿದು ಕೂತವರ ಮೇಲೆ ನನ್ನ ಸಿಟ್ಟು.

ತೊಗಲು ಹೋದರೆ ಅದನ್ನು ಹದ ಮಾಡುವ ಕುಶಲತೆಯೂ ಹೋಗುತ್ತದಲ್ಲ ಎಂದು ಕೇಳುವವರಿದ್ದಾರೆ. ಹೋಗುತ್ತದೆ, ಅದು ನಷ್ಟವೇ. ಹಾಗಿದ್ದರೆ ಅದನ್ನು ಕುಶಲತೆ ಎಂದೇ ನಡೆಸಿಕೊಳ್ಳಿ. ಉತ್ಸವಕ್ಕೆ ತೊಗಲಿನ ಹಲಗಿಯೇ ಬೇಕೆಂದು ಕರಾರು ಹಾಕುವ ಸಂಘಟಕರು ತೊಗಲಿನ ಬೆಲೆ, ಹದ ಮಾಡಿದವರ ಕೂಲಿ, ಕಾಯಿಸುವ ಹೊತ್ತಿನ ಕೂಲಿ ಎಲ್ಲವನ್ನೂ ಸಂಭಾವನೆಗೆ ಸೇರಿಸಲಿ. ಆ ಕೆಲಸ ಕಲಿಯಲು ಎಲ್ಲ ಜಾತಿಯ ಮಕ್ಕಳನ್ನೂ ಕಳಿಸಲಿ. ತಮ್ಮ ಮನೆಯ ಮಕ್ಕಳಿಂದಲೇ ಶುರುಮಾಡಲಿ.

ವಿದ್ಯಾರ್ಥಿಗಳಿಗೆ ಒಂದು ಮಾತು. ಈ ಜಗಳ ಬರೀ ಬಾಯಿಮಾತಿನಲ್ಲಿ ಮುಗಿಯುವುದಿಲ್ಲ. ಒಬ್ಬರೇ ವಾದಕರನ್ನು ಕೇಳಿಕೊಂಡು, ಸಂಭಾವನೆ ಕೊಟ್ಟು, ಒಂದೇ ಅಳತೆಯ ಎರಡು ಹಲಗಿಗಳನ್ನು ಒಂದೇ ಜಾಗದಲ್ಲಿ ಬಾರಿಸಲು ಹೇಳಿ. ಜನವರಿಯಲ್ಲೊಮ್ಮೆ, ಜುಲೈಯಲ್ಲೊಮ್ಮೆ ಧ್ವನಿಮುದ್ರಿಸಿಕೊಳ್ಳಿ. ಯಾವುದು ಯಾವುದೆಂದು ಹೇಳದೆ ಆ ಚಹಾದಂಗಡಿಯವರಿಗೆ ಕೇಳಿಸಿ. ಗುರುತು ಹಿಡಿದರೆ ಒಳ್ಳೆಯದೇ, ಅವರ ಕಿವಿಗೆ ಕೈಮುಗಿಯೋಣ. ಆಮೇಲೆ ವಾದಕರ ಕಡೆ ತಿರುಗಿ, ಈವರೆಗೆ ಯಾರೂ ಕೇಳದ ಪ್ರಶ್ನೆ ಕೇಳಿ: “ನಿಮಗ ಯಾವುದು ಬೇಕ್ರಿ?”