ಮಕ್ಕಳ ಮೌನಕ್ಕೂ ಕಿವಿಗೊಡೋಣ



ಹೊನ್ನಾವರ ತಾಲೂಕಿನ ಅಪ್ಸರಕೊಂಡದಲ್ಲಿ ಗುಡ್ಡದಿಂದ ಧುಮುಕಿದ ನೀರು ಕೊಳದಲ್ಲಿ ತಂಗಿ ಮುಂದೆ ಹರಿಯುತ್ತದೆ. ಹರಿಯದೆ ನಿಂತ ನೀರು ಕೆಡುವಂತೆ, ಹೇಳಿಕೊಳ್ಳಲಾಗದ ದುಃಖವೂ ಮನಸ್ಸನ್ನು ಕೆಡಿಸುತ್ತದೆ. ಕಾಲೇಜಿನಲ್ಲಿ ಓದುವ ನಮ್ಮ ಮಕ್ಕಳ ವಿಷಯದಲ್ಲಿ ನಾವು ಇದನ್ನು ಮರೆಯುತ್ತಿದ್ದೇವೆ.

ಪರೀಕ್ಷೆಯ ಭಯ ಪರೀಕ್ಷೆಯೊಡನೆ ಕಳೆಯುತ್ತದೆ. ಆದರೆ ಎರಡು ವಾರವಾದರೂ ಬೇಸರ ತೊಲಗದೆ, ನಿದ್ರೆ, ಊಟಗಳು ಕೆಟ್ಟು, ಯಾವುದರಲ್ಲೂ ಆಸಕ್ತಿ ಉಳಿಯದಿದ್ದರೆ ಅದು ಸೋಮಾರಿತನವಲ್ಲ, ಖಿನ್ನತೆಯಿರಬಹುದು. ಅದಕ್ಕೆ ಚಿಕಿತ್ಸೆಯುಂಟು. ಗೆಳೆಯರ ಸಂಗ, ನಡಿಗೆ, ಇಷ್ಟಲಿಂಗದ ಧ್ಯಾನ ಮನಸ್ಸಿಗೆ ಆಸರೆಯಾಗುತ್ತವೆ. ಆದರೆ ವೈದ್ಯರ ಸ್ಥಾನವನ್ನು ತುಂಬಲಾರವು. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ-ಮಾನಸ್ ಸಹಾಯವಾಣಿ 14416ರಲ್ಲಿ ಹಗಲಿರುಳೂ ಉಚಿತವಾಗಿ, ಕನ್ನಡದಲ್ಲಿಯೇ ಮಾತನಾಡಬಹುದು. ಬದುಕು ಬೇಡವೆಂಬ ಮಾತು ಮಗುವಿನ ಬಾಯಲ್ಲಿ ಬಂದರೆ ಒಂಟಿಯಾಗಿ ಬಿಡದೆ ಅಂದೇ ವೈದ್ಯರ ಬಳಿಗೆ ಕರೆದೊಯ್ಯಬೇಕು.

ಅನುಭವ ಮಂಟಪದಲ್ಲಿ ಕಿರಿಯರಾದ ಚನ್ನಬಸವಣ್ಣನವರ ಮಾತಿಗೂ ಮನ್ನಣೆಯಿತ್ತು. ಅಂಥದೊಂದು ಮಂಟಪ ನಮ್ಮ ಪಡಸಾಲೆಯಲ್ಲಿಯೂ ಇರಬೇಡವೇ? ರಜೆಗೆ ಬಂದ ಮಗ, ಮಗಳನ್ನು ಅಂಕವೆಷ್ಟೆಂದು ಕೇಳುವ ಮೊದಲು, "ಹೇಗಿದ್ದೀಯಪ್ಪಾ, ಹೇಗಿದ್ದೀಯಮ್ಮಾ?" ಎಂದು ಕೇಳೋಣ. ಅವರ ಮಾತು ಮುಗಿಯುವವರೆಗೂ ಉಪದೇಶಿಸದೆ ಕುಳಿತಿರೋಣ.