ಒಂದು ಪೆನ್‌ಡ್ರೈವ್ ಸಾಕು, ಹಳೇ ಕಂಪ್ಯೂಟರ್ ಕನ್ನಡ ಕಲಿಯುತ್ತದೆ!



ಅಡಿಕೆ ಮಾರಿದ ದುಡ್ಡಿನಲ್ಲಿ ಮಗನ ಓದಿಗೆಂದು ತಂದ ಕಂಪ್ಯೂಟರ್ ಮೂಲೆಯಲ್ಲಿ ಧೂಳು ತಿನ್ನುತ್ತಿದೆಯೇ? 'ಇದು ಹಳೇದಾಯ್ತು, ಹೊಸದು ತಗೊಳ್ಳಿ' ಎಂದು ಯಾರಾದರೂ ಹೇಳಿದರೇ? ಗುಜರಿಗೆ ಹಾಕುವ ಮೊದಲು ನಮ್ಮ ಮಾತು ಕೇಳಿ.

ಕೆಟ್ಟಿರುವುದು ಯಂತ್ರವಲ್ಲ. ಮೈಕ್ರೋಸಾಫ್ಟ್ ಕಂಪನಿ 2025ರ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೆ ಮಾಮೂಲಿ ಬೆಂಬಲ ನಿಲ್ಲಿಸಿತು. ವಿಂಡೋಸ್ 11 ಹಾಕೋಣವೆಂದರೆ ಅದು ಹಳೆಯ ಪ್ರೊಸೆಸರ್‌ಗಳನ್ನು ಒಪ್ಪುವುದಿಲ್ಲ. ದುಡ್ಡು ನಮ್ಮದು, ಯಂತ್ರ ನಮ್ಮದು, ಅದರ ಆಯಸ್ಸು ಬರೆಯುವವರು ಮಾತ್ರ ಅಮೆರಿಕದವರು!

ಇದಕ್ಕೆ ಮದ್ದು ಲಿನಕ್ಸ್. ಫಿನ್‌ಲೆಂಡಿನ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ 1991ರಲ್ಲಿ ಶುರುಮಾಡಿದ್ದು. ಕಾಸು ಕೊಡಬೇಕಿಲ್ಲ, ಕದಿಯಲೂ ಬೇಕಿಲ್ಲ. ಡೆಬಿಯನ್ ಎಂಬ ಲಿನಕ್ಸ್‌ನ ಲೈವ್ ಐಎಸ್‌ಒ ಕಡತ ಇಳಿಸಿಕೊಳ್ಳಿ, 8 ಜಿಬಿಯ ಪೆನ್‌ಡ್ರೈವ್ ಹಿಡಿಯಿರಿ. ನಮ್ಮ ಹುಡುಗರು ಎಡವುವುದು ಇಲ್ಲೇ. ಸಿನಿಮಾ ಹಾಡು ತುಂಬಿಸಿದಂತೆ ಕಡತವನ್ನು ಕಾಪಿ ಮಾಡಿ, 'ಬೂಟ್ ಆಗಲಿಲ್ಲ' ಎಂದು ಕೈಬಿಡುತ್ತಾರೆ. ಕಾಪಿ ಮಾಡಿದರೆ ಆಗುವುದಿಲ್ಲ ಸ್ವಾಮಿ! ರೂಫಸ್ ಅಥವಾ ಎಚರ್ ಎಂಬ ತಂತ್ರಾಂಶದಿಂದ ಅದನ್ನು ಪೆನ್‌ಡ್ರೈವ್‌ಗೆ 'ಬರೆಯಬೇಕು'. ಆಗ ಅದರಲ್ಲಿದ್ದ ಹಳೆಯದೆಲ್ಲ ಅಳಿಸಿಹೋಗುತ್ತದೆ, ಎಚ್ಚರ. ಬಳಿಕ ಕಂಪ್ಯೂಟರ್ ಆರಿಸಿ, ಹೊತ್ತಿಸುವಾಗಲೇ ಎಫ್12 ಒತ್ತಿ (ಕೆಲವದರಲ್ಲಿ ಎಫ್9, ಇಲ್ಲವೇ ಎಸ್ಕೇಪ್), ಪೆನ್‌ಡ್ರೈವ್ ಆರಿಸಿ. ತಕ್ಷಣ ಹಾರ್ಡ್‌ಡಿಸ್ಕ್ ಮುಟ್ಟಬೇಡಿ. ಪೆನ್‌ಡ್ರೈವ್‌ನಿಂದಲೇ ನಡೆಸಿ ನೋಡಿ: ವೈಫೈ ಸಿಗುತ್ತದೆಯೇ, ಪ್ರಿಂಟರ್ ಕೆಲಸ ಮಾಡುತ್ತದೆಯೇ? ಎಲ್ಲ ಸರಿಯಿದ್ದರೆ ಪಹಣಿ, ಫೋಟೋ, ಅಂಕಪಟ್ಟಿಗಳನ್ನು ಬೇರೆಡೆ ಉಳಿಸಿಕೊಂಡು ಆಮೇಲೆ ಇನ್‌ಸ್ಟಾಲ್ ಮಾಡಿ.

ಈಗ ಮುಖ್ಯ ಮಾತು. ಡೆಬಿಯನ್‌ನ ಗ್ರಾಫಿಕಲ್ ಇನ್‌ಸ್ಟಾಲರ್ ಮೊದಲು ಕೇಳುವುದೇ 'ನಿಮ್ಮ ಭಾಷೆ ಯಾವುದು?' ಪಟ್ಟಿಯಲ್ಲಿ ಕನ್ನಡವಿದೆ! ಅಲ್ಲಿಯೂ ಇಂಗ್ಲಿಷನ್ನೇ ಒತ್ತುವ ಕನ್ನಡಿಗರಿಗೆ ಏನೆನ್ನೋಣ? ಕೀಲಿಮಣೆಯಲ್ಲಿ ಕಗಪ ವಿನ್ಯಾಸವೂ ಇದೆ, ಟೈಪಿಂಗ್ ಹೊಸದಾಗಿ ಕಲಿಯಬೇಕಿಲ್ಲ. ಒಂದು ತೊಡಕು: ಹಳೆಯ ನುಡಿ ಫಾಂಟಿನ ಕಡತಗಳು ಕಲಸುಮೇಲೋಗರವಾಗಿ ಕಾಣಬಹುದು. ಅವನ್ನು ಮೊದಲೇ ಯುನಿಕೋಡ್‌ಗೆ ಬದಲಿಸಿಕೊಳ್ಳಿ.

ಹಳ್ಳಿಯವರಿಗೆ ಇದೆಲ್ಲ ಆಗದು ಎನ್ನುವವರು ಕಾಸರಗೋಡಿನ ಕಡೆ ನೋಡಲಿ. ಕೇರಳದ ಸರ್ಕಾರಿ ಶಾಲೆಗಳ ಕಂಪ್ಯೂಟರ್ ಪಾಠ ನಡೆಯುವುದು ಲಿನಕ್ಸ್ ಮೇಲೆಯೇ. ಅಲ್ಲಿನ ಕನ್ನಡ ಮಾಧ್ಯಮದ ಮಕ್ಕಳು ಅದನ್ನೇ ಕಲಿಯುತ್ತಿದ್ದಾರೆ. ಗಡಿಯಾಚೆಯ ನಮ್ಮ ಮಕ್ಕಳಿಗೆ ಆಗುವುದು ಚನ್ನಗಿರಿ ತಾಲ್ಲೂಕಿನ ಮಕ್ಕಳಿಗೆ ಏಕಾಗದು?

ಸುಳ್ಳು ಹೇಳುವುದಿಲ್ಲ: ಪರದೆಯ ಮೇಲೆ ಎಲ್ಲವೂ ಕನ್ನಡದಲ್ಲಿ ಕಾಣುವುದಿಲ್ಲ. ಅರ್ಧಕ್ಕೇ ಇಂಗ್ಲಿಷ್ ಇಣುಕುತ್ತದೆ, ಕೆಲವು ಅನುವಾದ ನಗು ತರಿಸುತ್ತದೆ. ಆದರೆ ಇಲ್ಲಿ ಯಾವ ಕಂಪನಿಗೂ ಅರ್ಜಿ ಹಾಕಬೇಕಿಲ್ಲ. ಗ್ನೋಮ್, ಕೆಡಿಇ, ಲಿಬ್ರೆ ಆಫೀಸ್‌ಗಳಿಗೆ ಕನ್ನಡ ಪದ ಹಾಕಲು ಸ್ವಯಂಸೇವಕರಿಗೆ ಬಾಗಿಲು ತೆರೆದಿದೆ. ತಪ್ಪು ಕಂಡಾಗೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ಗುರುತು ಹಾಕಿಕೊಳ್ಳಿ, ನಿಮ್ಮೂರಿನ ಕನ್ನಡ ಮೇಷ್ಟ್ರಿಗೆ ತೋರಿಸಿ, ಸರಿಯಾದ ಪದ ಹುಡುಕಿ ಆ ತಂಡಗಳಿಗೆ ಕಳಿಸಿಕೊಡಿ.