ತಪಾಸಣೆ ಮುಗಿದ ಮೇಲೆ ಬಾಗಿಲು ತಟ್ಟುವವರು ಯಾರು?

ತಾಲ್ಲೂಕು ಆಸ್ಪತ್ರೆಯಲ್ಲಿ ಡಯಾಲಿಸಿಸ್ ಘಟಕ ಉದ್ಘಾಟನೆಯಾದ ಸುದ್ದಿ ಈಗ ಜಿಲ್ಲಾ ಪುಟಗಳಲ್ಲಿ ಆಗಾಗ ಬರುತ್ತಿರುತ್ತದೆ. ಹೊಸ ಯಂತ್ರಗಳು, ಹೊಸ ಹಾಸಿಗೆಗಳು, ಟೇಪು ಕತ್ತರಿಸುತ್ತಿರುವ ಶಾಸಕರು. ಆ ಸುದ್ದಿ ಓದಿದಾಗ ಸಂತೋಷವೇ ಆಗುತ್ತದೆ. 2016ರಲ್ಲಿ ಕೇಂದ್ರ ಸರ್ಕಾರ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮ ಘೋಷಿಸುವ ಮೊದಲು ಎಷ್ಟೋ ಬಡ ಕುಟುಂಬಗಳು ಸಾಲ ಮಾಡಿ, ಹೊಲ ಅಡವಿಟ್ಟು, ಕೆಲವು ತಿಂಗಳು ಡಯಾಲಿಸಿಸ್ ಮಾಡಿಸಿ, ಆಮೇಲೆ ಕೈಚೆಲ್ಲಿ ರೋಗಿಯನ್ನು ಮನೆಗೆ ಕರೆದುಕೊಂಡು ಹೋಗುತ್ತಿದ್ದವು. ನಿಲ್ಲಿಸಿದರೆ ಏನಾಗುತ್ತದೆಂದು ಅವರಿಗೆ ಗೊತ್ತಿಲ್ಲದೆ ಇರಲಿಲ್ಲ.

ಆದರೂ ನನಗೆ ಆ ಫೋಟೊಗಳನ್ನು ನೋಡುವಾಗ ಒಂದು ಕಳವಳ ಬಿಡುವುದಿಲ್ಲ. ಆ ಹಾಸಿಗೆಗಳಿಗೆ ಬರುವವರಲ್ಲಿ ಬಹಳ ಮಂದಿ ಬರಬೇಕಾದ ಅಗತ್ಯವೇ ಇರಲಿಲ್ಲ. ಹತ್ತು ಹದಿನೈದು ವರ್ಷ ಅವರ ಮೈಯಲ್ಲಿ ಬಿಪಿ ಇತ್ತು, ಸಕ್ಕರೆ ಇತ್ತು. ಯಾರಾದರೂ ಕಂಡುಹಿಡಿದು, ಮಾತ್ರೆ ಕೊಟ್ಟು, ತಿಂದರೋ ಇಲ್ಲವೋ ಎಂದು ಬಂದು ವಿಚಾರಿಸಿದ್ದರೆ ಸಾಕಿತ್ತು.

ಡಯಾಲಿಸಿಸ್ ಎಂದರೆ ಏನೆಂದು ಹತ್ತಿರದಿಂದ ನೋಡಿದವರಿಗೆ ಇದು ಅತಿಶಯೋಕ್ತಿ ಅನ್ನಿಸಲಾರದು. ವಾರಕ್ಕೆ ಎರಡು ಅಥವಾ ಮೂರು ಸಲ, ಪ್ರತಿ ಸಲ ನಾಲ್ಕು ಗಂಟೆ. ಮುಂಗೈಯಲ್ಲಿ ಅಪಧಮನಿ ಮತ್ತು ಅಭಿಧಮನಿಯನ್ನು ಜೋಡಿಸಿ ಮಾಡಿದ ಫಿಸ್ಟುಲಾ ಉಬ್ಬಿಕೊಂಡಿರುತ್ತದೆ. ಅದರ ಮೇಲೆ ಬೆರಳಿಟ್ಟರೆ ರಕ್ತ ಗುಂಯ್‌ಗುಡುವುದು ತಿಳಿಯುತ್ತದೆ. ಆ ಕೈಯಲ್ಲಿ ಭಾರ ಎತ್ತುವಂತಿಲ್ಲ. ಕುಡಿಯುವ ನೀರನ್ನು ಲೋಟದಲ್ಲಿ ಅಳೆಯಬೇಕು, ಸಾರು, ಮಜ್ಜಿಗೆ, ಕಾಫಿ ಎಲ್ಲ ಆ ಲೆಕ್ಕದೊಳಗೇ ಬರಬೇಕು. ಡಯಾಲಿಸಿಸ್ ಉಚಿತ ಇರಬಹುದು. ಬಸ್ ಚಾರ್ಜು, ಜೊತೆಗೆ ಬಂದವರ ಕೂಲಿ, ಇಂಜೆಕ್ಷನ್ನು, ಹೊರಗಿನ ಊಟ ಉಚಿತವಲ್ಲ. ದುಡಿಯುವ ಗಂಡಸು ರೋಗಿಯಾದರೆ ಹೆಂಡತಿಯ ಕೂಲಿಯೂ ಹೋಗುತ್ತದೆ. ಹೆಂಗಸು ರೋಗಿಯಾದರೆ ಜೊತೆಗೆ ಯಾರು ಬರಬೇಕು ಎಂಬುದರಿಂದಲೇ ಚರ್ಚೆ ಶುರುವಾಗುತ್ತದೆ.

ಕಿಡ್ನಿ ಕಾಯಿಲೆಯ ದೊಡ್ಡ ಮೋಸವೆಂದರೆ ಅದು ನೋಯುವುದಿಲ್ಲ. ಕಿಡ್ನಿ ಎಂದ ಕೂಡಲೇ ನಮ್ಮ ಜನಕ್ಕೆ ನೆನಪಾಗುವುದು ಕಲ್ಲು, ಸೊಂಟ ಹಿಡಿಯುವ ನೋವು, ಬಾಳೆದಿಂಡಿನ ರಸ. ನಿಜವಾಗಿ ಕಿಡ್ನಿ ಸೋಲುವುದು ಸದ್ದಿಲ್ಲದೆ. ಒಂದೊಂದು ಕಿಡ್ನಿಯಲ್ಲೂ ಸುಮಾರು ಹತ್ತು ಲಕ್ಷ ಸೋಸುವ ಘಟಕಗಳಿವೆ, ಎರಡೂ ಸೇರಿ ದಿನಕ್ಕೆ ಸುಮಾರು 180 ಲೀಟರ್ ದ್ರವ ಸೋಸುತ್ತವೆ. ಅಷ್ಟು ಹೆಚ್ಚುವರಿ ಶಕ್ತಿ ಇರುವುದರಿಂದಲೇ ಅರ್ಧಕ್ಕಿಂತ ಹೆಚ್ಚು ಹಾಳಾದರೂ ಮನುಷ್ಯ ಹೊಲಕ್ಕೆ ಹೋಗುತ್ತಾನೆ, ಮದುವೆ ಊಟ ಮಾಡುತ್ತಾನೆ. ಕಾಲು ಊದಿ, ವಾಂತಿಯಾಗಿ, ಉಸಿರು ಕಟ್ಟಿ ಆಸ್ಪತ್ರೆಗೆ ಬರುವ ಹೊತ್ತಿಗೆ ವೈದ್ಯರ ಕೈಯಲ್ಲಿ ಉಳಿಯುವುದು ಸ್ವಲ್ಪವೇ.

ಹಾಗಾಗಿ ಹುಡುಕಿಕೊಂಡು ಹೋಗಬೇಕು. ಹುಡುಕಲು ಬೇಕಾದದ್ದೂ ಹೆಚ್ಚೇನಿಲ್ಲ: ಬಿಪಿ ಯಂತ್ರ, ಮೂತ್ರದಲ್ಲಿ ಆಲ್ಬುಮಿನ್ ಎಂಬ ಪ್ರೋಟೀನ್ ಸೋರುತ್ತಿದೆಯೇ ಎಂಬ ಪರೀಕ್ಷೆ, ರಕ್ತದಲ್ಲಿ ಕ್ರಿಯಾಟಿನಿನ್. ಕೊನೆಯದರ ಬಗ್ಗೆ ಒಂದು ಎಚ್ಚರಿಕೆ ಹೇಳಲೇಬೇಕು. 65 ವರ್ಷದ ಹೆಂಗಸೊಬ್ಬರ ರಿಪೋರ್ಟಿನಲ್ಲಿ ಕ್ರಿಯಾಟಿನಿನ್ 1.2 ಎಂದಿದೆ ಅಂದುಕೊಳ್ಳಿ. ಅನೇಕ ಲ್ಯಾಬ್‌ಗಳ ಚೀಟಿಯಲ್ಲಿ ಅದು ನಾರ್ಮಲ್ ಸಾಲಿನಲ್ಲೇ ಕೂತಿರುತ್ತದೆ. ವಯಸ್ಸು, ಲಿಂಗ ಹಿಡಿದು ಲೆಕ್ಕ ಹಾಕಿದರೆ ಅವರ ಕಿಡ್ನಿಯ ಸೋಸುವ ವೇಗ ನಿಮಿಷಕ್ಕೆ ಸುಮಾರು 50 ಮಿಲಿಲೀಟರಿಗೆ ಇಳಿದಿರುತ್ತದೆ; ಮೂರು ತಿಂಗಳ ಮೇಲೂ 60ಕ್ಕಿಂತ ಕಡಿಮೆಯೇ ಇದ್ದರೆ ಅದು ದೀರ್ಘಕಾಲದ ಕಿಡ್ನಿ ಕಾಯಿಲೆ. ಈ ಲೆಕ್ಕವನ್ನು ಕಂಪ್ಯೂಟರ್ ಒಂದು ಕ್ಷಣದಲ್ಲಿ ಮಾಡುತ್ತದೆ. ಕ್ರಿಯಾಟಿನಿನ್ ನೋಡುವ ಪ್ರತಿ ಲ್ಯಾಬೂ ಆ ಅಂಕಿಯನ್ನು ಪಕ್ಕದಲ್ಲೇ ಮುದ್ರಿಸಬೇಕೆಂದು ಸರ್ಕಾರ ಒಂದು ಆದೇಶ ಹೊರಡಿಸಿದರೆ ಖರ್ಚೇನೂ ಇಲ್ಲ.

ಇದೆಲ್ಲ ಶ್ರೀಮಂತ ದೇಶಗಳ ಮಾತು ಎನ್ನುವವರು ಪಕ್ಕದ ತಮಿಳುನಾಡನ್ನು ನೋಡಬೇಕು. ಡಾ. ಎಂ.ಕೆ. ಮಣಿ ಅಲ್ಲಿನ ಹಿರಿಯ ಕಿಡ್ನಿ ತಜ್ಞರು. ಮುಂಬೈಯ ಜಸ್‌ಲೋಕ್ ಆಸ್ಪತ್ರೆಯಲ್ಲಿದ್ದಾಗ ಜಯಪ್ರಕಾಶ ನಾರಾಯಣರಿಗೆ ಚಿಕಿತ್ಸೆ ನೀಡಿದವರು, ಆಮೇಲೆ ಚೆನ್ನೈಯ ದೊಡ್ಡ ಖಾಸಗಿ ಆಸ್ಪತ್ರೆಯಲ್ಲಿ ಹೆಸರಾದವರು. ಡಯಾಲಿಸಿಸ್, ಕಸಿ ಎರಡನ್ನೂ ಕೈಯಾರೆ ಮಾಡಿ ನೋಡಿದ ಅವರು, ಈ ದೇಶದ ಬಡವನಿಗೆ ಕಿಡ್ನಿ ಸೋಲದಂತೆ ನೋಡಿಕೊಳ್ಳುವುದೇ ದಾರಿ ಎಂದು ನಿರ್ಧರಿಸಿದರು. 90ರ ದಶಕದಲ್ಲಿ ಅವರ ಕಿಡ್ನಿ ಹೆಲ್ಪ್ ಟ್ರಸ್ಟ್ ಚೆನ್ನೈ ಬಳಿಯ ಹಳ್ಳಿಗಳಲ್ಲಿ, ಸುಮಾರು 25,000 ಜನರ ನಡುವೆ ಕೆಲಸ ಶುರುಮಾಡಿತು.

ಅಲ್ಲಿ ಮನೆಮನೆಗೆ ಹೋದವರು ಶಾಲೆ ಓದಿದ ಅದೇ ಊರುಗಳ ಹೆಣ್ಣುಮಕ್ಕಳು. ಪ್ರಶ್ನಾವಳಿ ತುಂಬಿಸಿದರು, ಬಿಪಿ ನೋಡಿದರು, ಮೂತ್ರ ಪರೀಕ್ಷಿಸಿದರು. ದುಬಾರಿ ಪರೀಕ್ಷಾ ಪಟ್ಟಿಗಳನ್ನೂ (ಸ್ಟ್ರಿಪ್) ತರಿಸಲಿಲ್ಲ. ಶಾಲೆಯ ಪ್ರಯೋಗಾಲಯದಲ್ಲಿ ನಾವೆಲ್ಲ ನೋಡಿರುವ ಬೆನೆಡಿಕ್ಟ್ ದ್ರಾವಣದಲ್ಲಿ ಸಕ್ಕರೆ, ಸಲ್ಫೊಸ್ಯಾಲಿಸಿಲಿಕ್ ಆಮ್ಲದಲ್ಲಿ ಪ್ರೋಟೀನ್. ತಿಳಿಯಾಗಿದ್ದ ಮೂತ್ರಕ್ಕೆ ಆ ಆಮ್ಲದ ಕೆಲವು ಹನಿ ಬಿದ್ದೊಡನೆ ಬೆಳ್ಳಗೆ ಕದಡಿಕೊಂಡರೆ, ಕಿಡ್ನಿಯ ಜರಡಿ ಸೋರುತ್ತಿದೆ ಎಂದು ಅರ್ಥ. ಆ ಮನೆಗೆ ವೈದ್ಯರು ಬೇಕು. ವೈದ್ಯರು ಬರೆದದ್ದೂ ಆಗ ಸಿಗುತ್ತಿದ್ದ ಅತಿ ಅಗ್ಗದ ಹಳೆಯ ಮದ್ದುಗಳನ್ನೇ: ರಿಸರ್ಪಿನ್, ಥಯಾಜೈಡ್, ಹೈಡ್ರಲಜಿನ್, ಸಕ್ಕರೆಗೆ ಮೆಟ್‌ಫಾರ್ಮಿನ್ ಮತ್ತು ಗ್ಲಿಬೆನ್‌ಕ್ಲಮೈಡ್. ಬಿಪಿ ಇದ್ದವರಲ್ಲಿ ಬಹುಪಾಲು ಜನರ ಬಿಪಿ ಹತೋಟಿಗೆ ಬಂತು. ಇಷ್ಟಕ್ಕೂ ತಗುಲಿದ ಖರ್ಚು ಜನಸಂಖ್ಯೆಯ ಲೆಕ್ಕದಲ್ಲಿ ತಲೆಗೆ ವರ್ಷಕ್ಕೆ ಅರ್ಧ ಡಾಲರ್‌ಗೂ ಕಡಿಮೆ. 2003ರಲ್ಲಿ ಅವರು ಇದನ್ನು ಕಿಡ್ನಿ ವಿಜ್ಞಾನದ ಅಂತರರಾಷ್ಟ್ರೀಯ ಪತ್ರಿಕೆಯಲ್ಲಿ ಪ್ರಕಟಿಸಿದರು. ಇಪ್ಪತ್ತು ವರ್ಷಗಳ ಮೇಲಾಯಿತು. ನಮ್ಮಲ್ಲಿ ಒಂದು ಹೋಬಳಿಯಲ್ಲಾದರೂ ಇದನ್ನು ಹೀಗೇ ಮಾಡಿ ನೋಡಬಹುದಿತ್ತಲ್ಲ!

ಮಣಿಯವರ ಕೆಲಸದಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ಆ ಹೆಣ್ಣುಮಕ್ಕಳು ಅದೇ ಮನೆಗೆ ಮತ್ತೆ ಹೋದದ್ದು. ಅದು ನಿಂತರೆ ಏನಾಗುತ್ತದೆ ಎಂಬುದಕ್ಕೆ ಆಸ್ಟ್ರೇಲಿಯಾದ ಉತ್ತರಕ್ಕಿರುವ ಟಿವಿ (Tiwi) ಎಂಬ ದ್ವೀಪಗಳು ಸಾಕ್ಷಿ. ಅಲ್ಲಿನ ಮೂಲನಿವಾಸಿಗಳಲ್ಲಿ ಕಿಡ್ನಿ ಕಾಯಿಲೆ ವಿಪರೀತವಾಗಿತ್ತು. 1995ರಲ್ಲಿ ವೆಂಡಿ ಹೊಯ್ ಎಂಬ ವೈದ್ಯೆಯ ತಂಡ ಎಲ್ಲರನ್ನೂ ಪರೀಕ್ಷಿಸಿ, ಬಿಪಿ ಇದ್ದವರಿಗೆ, ಮೂತ್ರದಲ್ಲಿ ಆಲ್ಬುಮಿನ್ ಹೋಗುತ್ತಿದ್ದವರಿಗೆ ಪೆರಿಂಡೊಪ್ರಿಲ್ ಮಾತ್ರೆ ಕೊಟ್ಟು, ಬಿಡದೆ ಬೆನ್ನುಹತ್ತಿತು. ಕೆಲವೇ ವರ್ಷಗಳಲ್ಲಿ ಕಿಡ್ನಿ ವೈಫಲ್ಯವೂ ಕಾಯಿಲೆಯಿಂದಾಗುವ ಸಾವುಗಳೂ ಹತ್ತಿರಹತ್ತಿರ ಅರ್ಧಕ್ಕೆ ಇಳಿದವು. ಆಮೇಲೆ ಯೋಜನೆಯನ್ನು ಸ್ಥಳೀಯ ಆರೋಗ್ಯ ವ್ಯವಸ್ಥೆಗೆ ಒಪ್ಪಿಸಲಾಯಿತು, ಬೆನ್ನುಹತ್ತುವ ಕೆಲಸ ಸಡಿಲವಾಯಿತು, ಸಾವಿನ ಪ್ರಮಾಣ ಮತ್ತೆ ಏರಿತು. ಔಷಧಿ ಅದೇ, ಜನ ಅವರೇ.

ಅಮೆರಿಕದ ಮೂಲನಿವಾಸಿಗಳ ನಡುವೆ ಈ ಕೆಲಸ ಸಡಿಲವಾಗದೆ ನಡೆಯಿತು. 1996ರಿಂದ 2013ರ ನಡುವೆ ಸಕ್ಕರೆ ಕಾಯಿಲೆಯಿಂದಾಗುವ ಕಿಡ್ನಿ ವೈಫಲ್ಯದ ಪ್ರಮಾಣ ಅವರಲ್ಲಿ ಶೇ. 54ರಷ್ಟು ಕುಸಿಯಿತು. ಪವಾಡದ ಮದ್ದೇನೂ ಅಲ್ಲಿರಲಿಲ್ಲ. ಬಿಪಿ ಮಾತ್ರೆ, ವರ್ಷವರ್ಷ ಪರೀಕ್ಷೆ, ಊರಿಗೇ ಬರುವ ಆರೋಗ್ಯ ತಂಡ.

ಮಣಿಯವರ ಹಳ್ಳಿಗಳಿಗಿಂತ ನಮ್ಮ ಕೈಯಲ್ಲಿ ಇವತ್ತು ಒಳ್ಳೆಯ ಮದ್ದುಗಳಿವೆ. ಆಲ್ಬುಮಿನ್ ಸೋರುವುದನ್ನು ತಗ್ಗಿಸಿ ಕಿಡ್ನಿ ಕಾಯುವ ಲೋಸಾರ್ಟನ್, ಟೆಲ್ಮಿಸಾರ್ಟನ್ ಜನೌಷಧಿ ಕೇಂದ್ರದಲ್ಲಿ ಒಂದೆರಡು ರೂಪಾಯಿಗೆ ಒಂದು ಮಾತ್ರೆಯಂತೆ ಸಿಗುತ್ತವೆ. ಸಕ್ಕರೆಗೆಂದು ಬಂದ ಡಪಾಗ್ಲಿಫ್ಲೋಜಿನ್ ಕಿಡ್ನಿ ಕುಸಿಯುವ ವೇಗವನ್ನೂ ಕಡಿಮೆ ಮಾಡುತ್ತದೆ ಎಂದು 2020ರಲ್ಲಿ ದೊಡ್ಡ ಅಧ್ಯಯನವೊಂದು ತೋರಿಸಿತು. ಅದೇ ವರ್ಷ ಭಾರತದಲ್ಲಿ ಅದರ ಒಂದು ಪೇಟೆಂಟ್ ಮುಗಿದು ಬೆಲೆ ಬಿದ್ದುಹೋಯಿತು. ವೈದ್ಯರು ನೋಡಿಯೇ ಬರೆಯಬೇಕಾದ ಮದ್ದುಗಳು ಇವು, ಶುರುಮಾಡಿದ ಮೇಲೆ ರಕ್ತ ಪರೀಕ್ಷೆಯೂ ಬೇಕು. ಆದರೆ ದುಡ್ಡಿಲ್ಲ ಎಂಬ ನೆಪ ಇನ್ನು ನಡೆಯುವುದಿಲ್ಲ.

ಅಡ್ಡ ನಿಂತಿರುವುದು ಬೇರೆ. "ಬಿಪಿ ಮಾತ್ರೆ ಒಂದ್ಸಲ ಹಿಡಿದ್ರೆ ಬಿಡೋ ಹಾಗಿಲ್ಲ, ಅದಕ್ಕೇ ಶುರು ಮಾಡಿಲ್ಲ" ಎನ್ನುವವರು ಪ್ರತಿ ಬೀದಿಯಲ್ಲೂ ಇದ್ದಾರೆ. "ಶುಗರ್ ಮಾತ್ರೆ ತಿಂದೂ ತಿಂದೂ ಅವರ ಕಿಡ್ನಿ ಹೋಯ್ತು" ಎಂಬ ಮಾತಂತೂ ಓದಿದವರ ಬಾಯಲ್ಲೂ ಕೇಳುತ್ತೇವೆ. ಕಿಡ್ನಿ ಹಾಳುಮಾಡಿದ್ದು ಹತೋಟಿಗೆ ಬಾರದ ಸಕ್ಕರೆ. ಮಾತ್ರೆಯ ಮೇಲೆ ಬಂತು ಅಪವಾದ. ಇದನ್ನು ನಂಬಿ ಮಾತ್ರೆ ಬಿಟ್ಟು, ಯಾರೋ ಕೊಟ್ಟ ಭಸ್ಮ, ಪುಡಿ ಹಿಡಿದವರು ಇನ್ನೂ ಬೇಗ ಡಯಾಲಿಸಿಸ್‌ಗೆ ಬರುತ್ತಾರೆ, ಏಕೆಂದರೆ ಸೀಸ, ಪಾದರಸ ಸೇರಿದ ಪುಡಿಗಳು ನೇರ ಕಿಡ್ನಿಗೇ ಏಟು ಕೊಡುತ್ತವೆ. ಇನ್ನೊಂದು, ನಾವು ಅಪಾಯವೆಂದೇ ಎಣಿಸದ ನೋವಿನ ಮಾತ್ರೆ. ರಾಯಚೂರು, ಕಲಬುರಗಿಯ ಏಪ್ರಿಲ್ ಬಿಸಿಲಲ್ಲಿ ದಿನವಿಡೀ ದುಡಿದು, ಸಾಕಷ್ಟು ನೀರೂ ಕುಡಿಯದೆ, ಸಂಜೆ ಮೆಡಿಕಲ್ ಶಾಪಿನಲ್ಲಿ "ಮೈಕೈ ನೋವಿಗೆ ಎರಡು ಮಾತ್ರೆ ಕೊಡಣ್ಣ" ಎಂದು ಡೈಕ್ಲೋಫೆನಾಕ್ ನುಂಗುವವರನ್ನು ನೋಡಿ. ನೀರು ಬತ್ತಿದ ದೇಹಕ್ಕೆ ಆ ಮಾತ್ರೆ ಬಿದ್ದಾಗ ಕಿಡ್ನಿಗೆ ಹೋಗುವ ರಕ್ತ ಕಡಿಮೆಯಾಗುತ್ತದೆ. ಬಿಪಿ, ಸಕ್ಕರೆ ಇದ್ದವರಿಗೆ ಅದು ಇನ್ನೂ ದುಬಾರಿ.

ಎಲ್ಲ ಕಿಡ್ನಿ ಕಾಯಿಲೆಗೂ ಬಿಪಿ, ಸಕ್ಕರೆಯೇ ಕಾರಣ ಎಂದೂ ಅಲ್ಲ. ಆಂಧ್ರದ ಶ್ರೀಕಾಕುಳಂ ಜಿಲ್ಲೆಯ ಉದ್ದಾನಂನಲ್ಲಿ, ತೆಂಗು, ಗೋಡಂಬಿ ತೋಟಗಳ ನಡುವೆ, ಇವೆರಡೂ ಇಲ್ಲದ ರೈತರ, ಕೂಲಿಕಾರರ ಕಿಡ್ನಿಗಳು ಸೋಲುತ್ತಿವೆ. ವರ್ಷಗಳ ಸಂಶೋಧನೆಯ ಬಳಿಕವೂ ಕಾರಣ ಖಚಿತವಾಗಿಲ್ಲ. ಹಾಗಿರುವ ಕಡೆ ಊರಿನವರೆಲ್ಲರ ಮೂತ್ರ, ಕ್ರಿಯಾಟಿನಿನ್ ನೋಡುತ್ತಿರುವುದು ಬಿಟ್ಟರೆ ಬೇರೆ ದಾರಿ ಇಲ್ಲ.

ಕರ್ನಾಟಕದಲ್ಲಿ ಅವಕಾಶ ಬಾಗಿಲಿಗೇ ಬಂದಿದೆ. 2024ರ ಅಕ್ಟೋಬರಿನಲ್ಲಿ ಕೋಲಾರದಲ್ಲಿ ಶುರುವಾದ ಗೃಹ ಆರೋಗ್ಯ ಯೋಜನೆಯಲ್ಲಿ 30 ವರ್ಷ ದಾಟಿದವರ ಮನೆಗೇ ಹೋಗಿ ಬಿಪಿ, ಸಕ್ಕರೆಯೂ ಸೇರಿದಂತೆ ಅಸಾಂಕ್ರಾಮಿಕ ಕಾಯಿಲೆಗಳ ತಪಾಸಣೆ ಮಾಡುತ್ತಾರೆ. ಇದು ಸರಿಯಾದ ಹೆಜ್ಜೆ, ಮನಸಾರೆ ಸ್ವಾಗತಿಸುತ್ತೇನೆ. ಬಿಪಿ ಅಥವಾ ಸಕ್ಕರೆ ಕಂಡ ಪ್ರತಿಯೊಬ್ಬರ ಮೂತ್ರದ ಆಲ್ಬುಮಿನ್ ಅನ್ನೂ ವರ್ಷಕ್ಕೊಮ್ಮೆ ತಪ್ಪದೆ ನೋಡುವಂತಾಗಬೇಕು. ಅದಕ್ಕಿಂತ ಕಷ್ಟದ ಕೆಲಸ ಎರಡನೆಯ ಭೇಟಿ. ಮೊದಲ ಸಲ ಎಷ್ಟು ಲಕ್ಷ ಜನರ ತಪಾಸಣೆಯಾಯಿತು ಎಂಬ ಅಂಕಿ ಪತ್ರಿಕಾಗೋಷ್ಠಿಗೆ ಚೆನ್ನಾಗಿರುತ್ತದೆ. ಅವರಲ್ಲಿ ಎಷ್ಟು ಮಂದಿ ಆರು ತಿಂಗಳ ಮೇಲೂ ಮಾತ್ರೆ ತಿನ್ನುತ್ತಿದ್ದಾರೆ ಎಂಬ ಅಂಕಿ ಕಿಡ್ನಿ ಉಳಿಸುತ್ತದೆ.

ಮತ್ತೆ ಮತ್ತೆ ಹೋಗುವ ಆ ಕೆಲಸ ಕೊನೆಗೆ ಬೀಳುವುದು ಆಶಾ ಕಾರ್ಯಕರ್ತೆಯರ ಹೆಗಲಿಗೆ. ಯಾರ ಮನೆಯಲ್ಲಿ ಯಾರು ಮಾತ್ರೆ ಬಿಟ್ಟಿದ್ದಾರೆ, ಯಾರ ಕಾಲು ಊದಿದೆ ಎಂದು ಅವರಷ್ಟು ಬಲ್ಲವರಿಲ್ಲ. 2025ರ ಜನವರಿಯಲ್ಲಿ ಅದೇ ಹೆಣ್ಣುಮಕ್ಕಳು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಚಳಿಯಲ್ಲಿ ರಾತ್ರಿ ಕಳೆದು ತಿಂಗಳಿಗೆ 15,000 ರೂಪಾಯಿ ಗೌರವಧನ ಕೇಳಬೇಕಾಯಿತು. ಒಬ್ಬ ರೋಗಿಯ ಡಯಾಲಿಸಿಸ್‌ಗೆ ತಿಂಗಳಿಗೆ ಎಷ್ಟಾಗುತ್ತದೆಂದು ಹಣಕಾಸು ಇಲಾಖೆಗೆ ಗೊತ್ತಿದೆ. ಒಂದು ಊರಿನ ಹತ್ತಾರು ಕಿಡ್ನಿಗಳನ್ನು ಕಾಯಬಲ್ಲವಳಿಗೆ ಆ 15,000 ಕೊಡಲು ಹಿಂದೆಮುಂದೆ ನೋಡುವುದು ನನಗೆ ಅರ್ಥವಾಗದ ಅರ್ಥಶಾಸ್ತ್ರ.

2025ರ ಮೇ ತಿಂಗಳಲ್ಲಿ ಜಿನಿವಾದಲ್ಲಿ ವಿಶ್ವ ಆರೋಗ್ಯ ಸಭೆ ಕಿಡ್ನಿ ಆರೋಗ್ಯದ ಬಗ್ಗೆಯೇ ಒಂದು ನಿರ್ಣಯ ಅಂಗೀಕರಿಸಿತು. ಅದು ನಮ್ಮ ತಾಲ್ಲೂಕಿಗೆ ಮುಟ್ಟಬೇಕಾದರೆ ಶುರುಮಾಡಬೇಕಾದ ಜಾಗ ತಾಲ್ಲೂಕಿನ ಪ್ರಗತಿ ಪರಿಶೀಲಿಸುವ ಕೆಡಿಪಿ ಸಭೆ. ಎಷ್ಟು ಡಯಾಲಿಸಿಸ್ ಯಂತ್ರ ಕೆಟ್ಟಿವೆ ಎಂದು ಅಲ್ಲಿ ಶಾಸಕರು ಗದರಿಸಿ ಕೇಳುತ್ತಾರೆ, ಕೇಳಲಿ. ಅದರ ಜೊತೆಗೆ ತಾಲ್ಲೂಕು ಆರೋಗ್ಯಾಧಿಕಾರಿಯನ್ನು ಇನ್ನೂ ಮೂರು ಪ್ರಶ್ನೆ ಕೇಳಲಿ: ನಿಮ್ಮ ಪಟ್ಟಿಯಲ್ಲಿರುವ ಬಿಪಿ, ಸಕ್ಕರೆ ರೋಗಿಗಳಲ್ಲಿ ಈ ವರ್ಷ ಎಷ್ಟು ಜನರ ಮೂತ್ರದ ಆಲ್ಬುಮಿನ್ ನೋಡಿದಿರಿ? ಎಷ್ಟು ಜನರ ಬಿಪಿ ಹತೋಟಿಯಲ್ಲಿದೆ? ಹಿಂದಿನ ಮೂರು ತಿಂಗಳಲ್ಲಿ ಹೊಸದಾಗಿ ಡಯಾಲಿಸಿಸ್‌ಗೆ ಬಂದವರ ಮನೆಗೆ ಅದಕ್ಕೂ ಮೊದಲು ಯಾರಾದರೂ ಹೋಗಿದ್ದರೇ? ಉತ್ತರಗಳನ್ನು ಸಭೆಯ ನಡವಳಿಯಲ್ಲಿ ಬರೆದು, ಮುಂದಿನ ಸಭೆಯಲ್ಲಿ ಅದೇ ಪುಟ ತೆರೆದು ಮತ್ತೆ ಕೇಳಲಿ.